ಹಾಲವ್ವ ಆಡಬೇಕಾಗಿದ್ದ ಮಾತು

ದರಿಬಡಚಿಯ ಶಿದ್ರಾಯ ತನ್ನ ಬಾವಿಗಳನ್ನು ಮಾರಲು ಹೊರಟದ್ದು ಜತ್ತ ಸಂಸ್ಥಾನ ಅಳಿದು ನಾಲ್ಕೈದು ಬೇಸಿಗೆ ಕಳೆದ ಮೇಲೆ. ಬಾವಿಗಳೇನೂ ಅವನವಲ್ಲ, ಒಂದೊಂದಕ್ಕೂ ಒಬ್ಬ ಗೌಡನೋ ಸಾವಕಾರನೋ ಧಣಿ ಇದ್ದ. ಆದರೆ ಸುಗ್ಗಿ ಮುಗಿದು ನೀರು ತಳ ಹಿಡಿದಾಗ ಒಳಗಿಳಿದು ರಾಡಿ ಎತ್ತುವ ಹಕ್ಕು ಮಾತ್ರ ಶಿದ್ರಾಯನದು. ಇತ್ತ ದರಿಬಡಚಿಯಿಂದ ಅತ್ತ ತಿಕೋಂಡಿಯವರೆಗೆ ಅವನ ಬಾವಿಗೆ ಇನ್ನೊಬ್ಬ ಬುಟ್ಟಿ ಇಳಿಸುವ ಮಾತೇ ಇರಲಿಲ್ಲ. ಈಗ ಅವನ ಎದೆ ಕೆಟ್ಟಿತ್ತು. ಅಂಗಳ ದಾಟುವಷ್ಟರಲ್ಲಿ ಕೆಮ್ಮು ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದ. ಅದಕ್ಕೇ ಆ ಹಕ್ಕನ್ನು ಅದೇ ಕಸುಬಿನ ಬಸಗೊಂಡನಿಗೆ ಒಂದು ಜೋಡಿ ಆಡುಗಳಿಗೆ ಬದಲಾಗಿ ಕೊಡುವುದೆಂದು ಮಾತಾಗಿತ್ತು.

ಮಾರುವುದನ್ನು ಅವನು ನಿಯತ್ತಿನಿಂದ ಮಾಡಿದ. ಕೆಮ್ಮುತ್ತಲೇ ಬಸಗೊಂಡನನ್ನು ಬಾವಿಯಿಂದ ಬಾವಿಗೆ ಕರೆದುಕೊಂಡು ಹೋಗಿ, ಯಾವುದರ ಕಲ್ಲು ಸಡಿಲ, ಯಾವುದರ ತಳದಲ್ಲಿ ಉಸಿರು ಕಟ್ಟುತ್ತದೆ ಎಂದೆಲ್ಲ ತೋರಿಸಿದ. ಧಣಿಗಳ ಮುಂದೆ ನಿಲ್ಲಿಸಿ, "ಇನ್ನಮ್ಯಾಲೆ ಇಂವಾ ನಿಮ್ಮ ಮನುಷ್ಯಾರಿ" ಎಂದು ಒಪ್ಪಿಸಿಯೂ ಬಂದ. ಗಂಟು ಬಿದ್ದದ್ದು ಹಗ್ಗದ ವಿಷಯದಲ್ಲಿ.

ಈ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಬಾವಿಗಿಳಿಯುವವನ ಸೊಂಟದ ಹಗ್ಗವನ್ನು ಮೇಲೆ ಹಿಡಿಯಬೇಕಾದವನು ಅವನ ಹೆಂಡತಿಯ ಒಡಹುಟ್ಟಿದವನು. ಸ್ವಂತ ತಮ್ಮನಾದರೆ ಪಾಲಿನ ಆಸೆಗೆ ಕೈ ಸಡಿಲ ಬಿಟ್ಟಾನು. ಅಕ್ಕನ ಕುಂಕುಮ ಅಳಿಸುವುದಕ್ಕೆ ಎಂಥ ಪಾಪಿಗೂ ಮನಸ್ಸು ಬಾರದು ಎಂಬ ಲೆಕ್ಕ. ಗಂಡಸರನ್ನು ಚೆನ್ನಾಗಿ ಬಲ್ಲ ಯಾವಳೋ ಹೆಂಗಸೇ ಇದನ್ನು ಮಾಡಿಟ್ಟಿರಬೇಕು. ಶಿದ್ರಾಯನ ಹೆಂಡತಿ ಹಾಲವ್ವ; ಅವಳ ಮದುವೆಯಾದಂದಿನಿಂದ ಹಗ್ಗ ಹಿಡಿದವನು ಅವಳ ತಮ್ಮ ವಿಠೋಬ. ಗಂಡ ಪಾತಾಳದಲ್ಲಿದ್ದಾಗಲೂ ಹಾಲವ್ವ ಮನೆಯಲ್ಲಿ ನಿಶ್ಚಿಂತೆಯಿಂದ ರೊಟ್ಟಿ ಬಡಿದದ್ದು ಅವನ ಕೈ ನಂಬಿ.

ಬಸಗೊಂಡನ ಹೆಂಡತಿ ರುಕ್ಮವ್ವನಿಗೆ ಅಣ್ಣತಮ್ಮಂದಿರಿಲ್ಲ. ಹಾಗಿದ್ದವಳು ಒಬ್ಬನನ್ನು ಅಣ್ಣನೆಂದು ಮಾಡಿಕೊಳ್ಳಬಹುದು, ಅವನು ಬಾವಿಯ ಕಟ್ಟೆಯ ಮೇಲೆ ಅವಳಿಗೆ ಕುಪ್ಪಸದ ಖಣ ಕೊಟ್ಟರೆ ಆಯಿತು. ವಿಠೋಬನಷ್ಟು ಪಳಗಿದ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಆದರೆ ಅವನು ಒಬ್ಬರ ಹಗ್ಗ ಬಿಟ್ಟು ಇನ್ನೊಬ್ಬರದನ್ನು ಹಿಡಿಯಬೇಕಾದರೆ, ಮೊದಲಿನ ಅಕ್ಕ ಅದೇ ಕಟ್ಟೆಯ ಮೇಲೆ ನಿಂತು, ನೆರೆದವರಿಗೆಲ್ಲ ಕೇಳುವಂತೆ, "ನನ್ನ ಗಂಡ ಇನ್ನ ಇಳಿಯೂದಿಲ್ಲ" ಎನ್ನಬೇಕು.

ಅಷ್ಟೇ ಮಾತು. ಹಾಲವ್ವನ ಬಾಯಿಂದ ಅದು ಹೊರಡಲಿಲ್ಲ.

"ಅಂದ್‌ಬಿಡ ಹಾಲವ್ವಾ," ಎಂದು ಶಿದ್ರಾಯ ದಿನಾ ಗಂಟುಬಿದ್ದ. "ನಾ ಇಳಿಯಾಂವಲ್ಲಂತ ಊರಿಗೇ ಗೊತ್ತೈತಿ."

"ಊರಿಗೆ ಗೊತ್ತಿದ್ರ ಊರೇ ಅನ್ಲಿ. ನನ್ನ ಬಾಯಿ ಯಾಕ ಬೇಕು?" ಎಂದು ಅವಳು ಸಿಡುಕಿದಳು. "ಆಡಿನ ಹಾಲು ಕುಡೀರಿ, ಮಳಿಗಾಲ ದಾಟ್ಲಿ. ಮುಂದಿನ ಬ್ಯಾಸಗಿಗೆ ನೀವೇ ಇಳೀತೀರಿ."

ಶಿದ್ರಾಯ ನಗಲು ಹೋದ, ಕೆಮ್ಮು ಬಂತು. ಹಾಲವ್ವ ಬೆನ್ನು ಸವರಿದಳು. ವರ್ಷಗಟ್ಟಲೆ ಹಗ್ಗ ಉಜ್ಜಿ ಅವನ ಸೊಂಟದ ಸುತ್ತ ಗಟ್ಟಿಯಾಗಿದ್ದ ಕಪ್ಪು ಪಟ್ಟೆ ಈಗ ಜೋತುಬಿದ್ದಿತ್ತು. ಅವಳು ಅದನ್ನು ದಿನಾ ನೋಡುತ್ತಿದ್ದಳು, ದಿನಾ ನೋಡದವಳಂತಿದ್ದಳು. ಆ ಮಾತನ್ನು ಬಾವಿಯ ದೇವತೆ ಗಂಗವ್ವನೆದುರು ಒಮ್ಮೆ ಆಡಿದರೆ ಅದು ನಿಜವಾಗಿಬಿಡುತ್ತದೆ ಎಂಬುದೊಂದೇ ಅವಳ ಭಯ.

ವಿಠೋಬನೂ ಮೊಂಡನೇ. "ಯಕ್ಕಾ, ನೀ ಅನ್ನೂತನಕಾ ನಾ ಯಾರ ಹಗ್ಗಾನೂ ಮುಟ್ಟಾಂವಲ್ಲ," ಎಂದು ಕೈಕಟ್ಟಿ ಕೂತ.

ಬೇಸಿಗೆ ಕಾಯುವುದಿಲ್ಲವಲ್ಲ. ತಿಕೋಂಡಿಯ ಧಣಿ ಅವಸರ ಮಾಡಿದ. ಬಸಗೊಂಡ ಕೂಲಿಯವನೊಬ್ಬನ ಕೈಗೆ ಹಗ್ಗ ಕೊಟ್ಟು ಇಳಿದ. ಆ ಪುಣ್ಯಾತ್ಮ ಹಗ್ಗವನ್ನು ಬೇವಿನ ಮರಕ್ಕೆ ಬಿಗಿದು, ನೆರಳಿಗೆ ಹೋಗಿ ತಂಬಾಕು ತಿಕ್ಕುತ್ತ ಕೂತ. ಒಳಗೆ ಕಲ್ಲು ಜಾರಿತು. ದಾರಿಹೋಕನೊಬ್ಬ ಕೂಗು ಕೇಳಿ ಓಡಿಬಂದದ್ದಕ್ಕೆ ಬಸಗೊಂಡನ ಜೀವ ಉಳಿಯಿತು. ಭುಜ ಮಾತ್ರ ಜಜ್ಜಿಹೋಗಿತ್ತು.

ಮರುದಿನ ರುಕ್ಮವ್ವ ತುಂಬಿದ ಬಸಿರು ಹೊತ್ತುಕೊಂಡು ನಡೆದೇ ಬಂದಳು. ಬಯ್ಯುತ್ತಾಳೆಂದು ಹಾಲವ್ವ ಎದೆ ಗಟ್ಟಿಮಾಡಿಕೊಂಡಿದ್ದಳು. ಆ ಹುಡುಗಿ ಬಯ್ಯಲಿಲ್ಲ, ಬೇಡಲೂ ಇಲ್ಲ. ಹೊಸ್ತಿಲ ಹೊರಗೆ ಕೂತು ಕೊಟ್ಟ ನೀರು ಕುಡಿದಳು.

"ನಮ್ಮನಿಯವ್ರು ಭಾಳೊತ್ತು ಜಗ್ಗಿದ್ರಂತ್ರಿ ಯವ್ವಾ," ಎಂದಳು. "ಹಗ್ಗಾ ಜಗ್ಗೇ ಜಗ್ಗಿದ್ರಂತ. ಮ್ಯಾಲ ಯಾರೂ ಇರಲಿಲ್ಲಂತ."

ತನ್ನ ಗಂಡ ಮತ್ತೆ ಇಳಿದಾನೆಂಬ ಆಸೆಯನ್ನು ತಾನು ಇನ್ನೊಬ್ಬಳ ಗಂಡನ ಜೀವದಿಂದ ಸಾಕುತ್ತಿದ್ದೇನೆ ಎಂದು ಹಾಲವ್ವನಿಗೆ ಆಗ ಹೊಳೆಯಿತು. ಹುಡುಗಿಯ ತಲೆ ಸವರಿ, "ನಿನ್ನ ಗಂಡನ ಭುಜಾ ನೆಟ್ಟಗಾಗ್ಲಿ ಮಗಳ. ನಾ ಬರತೀನಿ," ಎಂದಳು.

ಬಸಗೊಂಡನ ಭುಜ ನೆಟ್ಟಗಾದ ಮೇಲೆ ಒಂದು ದಿನ, ಊರ ಗೌಡರ ಬಾವಿಯ ಕಟ್ಟೆಗೆ ಶಿದ್ರಾಯ ಅವಳ ಹೆಗಲು ಹಿಡಿದುಕೊಂಡೇ ಬಂದ. ನೆರಳಿಗೆ ಕೂಡಿಸಿದರೆ ಒಲ್ಲೆ ಎಂದು ಕಟ್ಟೆಯ ಪಕ್ಕದಲ್ಲೇ ಕೂತ. ಬಸಗೊಂಡ ಕಾಯಿ ಒಡೆದು ಗಂಗವ್ವನಿಗೆ ನೀರು ಬಿಟ್ಟ. ವಿಠೋಬ ಖಣ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಹಾಲವ್ವ ಕಟ್ಟೆ ಹತ್ತಿದಳು.

"ಲಗೂನ ಅನ್ನು, ಬಿಸಲ ಏರತೈತಿ," ಎಂದು ಶಿದ್ರಾಯ ಕೆಳಗಿನಿಂದ ಅವಸರ ಮಾಡಿದ.

ಅವಳು ಗಂಡನ ಕಡೆ ನೋಡಲಿಲ್ಲ. ನೋಡಿದರೆ ಆಗುವ ಮಾತಲ್ಲ ಅದು. ಸೆರಗು ಬಿಗಿಮಾಡಿಕೊಂಡು, ಯಾರನ್ನೋ ಬಯ್ಯುವವಳ ಹಾಗೆ ಗಟ್ಟಿ ದನಿಯಲ್ಲಿ ಅಂದುಬಿಟ್ಟಳು: "ನನ್ನ ಗಂಡ ಇನ್ನ ಇಳಿಯೂದಿಲ್ಲ."

"ಕೇಳೇವ್ರಿ," ಎಂದರು ನೆರೆದವರು. ವಿಠೋಬ ಅಳುತ್ತಲೇ ರುಕ್ಮವ್ವನಿಗೆ ಖಣ ಕೊಟ್ಟ, ಅವಳು ಅವನ ಕಾಲು ಮುಟ್ಟಿದಳು. ಬಸಗೊಂಡ ಹಗ್ಗ ಕಟ್ಟಿಕೊಂಡು ಇಳಿದ. ಎಲ್ಲರೂ ಬಾವಿಯೊಳಗೆ ಬಗ್ಗಿ ನೋಡತೊಡಗಿದರು.

ಹಾಲವ್ವ ಇಳಿದು ಬಂದು ಗಂಡನ ಮಗ್ಗುಲಲ್ಲಿ ಕೂತಳು. ದೊಡ್ಡ ಕೆಲಸ ಮುಗಿಯಿತು, ಇನ್ನು ಇವರ ಜೀವಕ್ಕೆ ಸಮಾಧಾನ ಎಂದುಕೊಂಡಿದ್ದಳು. ಅನ್ನು ಅನ್ನು ಎಂದು ಬೇಸಿಗೆಯುದ್ದಕ್ಕೂ ಅವಳ ಜೀವ ತಿಂದವನು ಅವನೇ. ಈಗ ಅವನು ಏನೋ ತಿಳಿಯದವನಂತೆ ಅವಳ ಮುಖವನ್ನೇ ನೋಡುತ್ತಿದ್ದ.

"ಅಂದೇ ಬಿಟ್ಟೆಲ್ಲಾ, ಹಾಲವ್ವಾ?" ಎಂದ.