ಲಿಫ್ಟಿನೊಳಗಿನ ಕೊಡೆ

ಮತ್ತೆ ನಕ್ಕಳು — ನಗುವೂ ಅಲ್ಲ, ಮೂಗಿನಿಂದ ಒಂದಿಷ್ಟು ಗಾಳಿ ಬಿಟ್ಟ ಸದ್ದು ಅಷ್ಟೇ, ಮೇಜಿನ ಆ ಬದಿಯಲ್ಲಿ ತಲೆ ತಗ್ಗಿಸಿಕೊಂಡು ಅವನ ಸೆಕ್ಷನ್ನಿನ ಉತ್ತರಪತ್ರಿಕೆ ತಿದ್ದುತ್ತಾ, ಏನಿದೆ ಅಲ್ಲಿ ನಗುವಂಥದ್ದು, ಅವನ ಹುಡುಗರು ಏನು ಬರೆದು ಮಾನ ಕಳೆದರು, ಕೇಳಬಾರದು, ಕೇಳಿದರೆ ಸೋತ ಹಾಗೆ, ಮೇಲಾಗಿ ತಿದ್ದುವಾಗ ಒಬ್ಬರ ಕಟ್ಟಿನ ಬಗ್ಗೆ ಇನ್ನೊಬ್ಬರು ಕೇಳುವಂತಿಲ್ಲ ಎಂದು ನಿಯಮವಿದೆ, ಆ ನಿಯಮ ಬರೆದ ಮಹಾನುಭಾವನೂ ಅವನೇ. ಅವನ ಸೆಕ್ಷನ್ನಿನದು ಅವಳಿಗೆ, ಅವಳದು ಅವನಿಗೆ, ಹೆಸರಿನ ಜಾಗ ಮಡಚಿ ಅಂಟಿಸಿ ಮೇಲೆ ಬರೀ ಒಂದು ಸಂಖ್ಯೆ — ಗಂಡ ಹೆಂಡತಿ ಒಂದೇ ಭೌತಶಾಸ್ತ್ರದ ಕೋರ್ಸಿಗೆ ಪಾಠ ಮಾಡುವಾಗ ನಾಳೆ ಯಾರೂ ಬೆರಳು ತೋರಿಸಬಾರದು ಎಂದು ಮಾಡಿಕೊಂಡ ಏರ್ಪಾಡು, ಆದರೆ ಬೆರಳು ತೋರಿಸುವವರು ಹೊರಗೇ ಇರಬೇಕೆಂದೇನಿಲ್ಲ, ಮೇಜಿನ ಈಚೆ ಬದಿಯಲ್ಲೂ ಕೂತಿರುತ್ತಾರೆ. ಬರುವ ವರ್ಷದಿಂದ ಎರಡು ಸೆಕ್ಷನ್ ಇಲ್ಲ, ದೊಡ್ಡ ಸಭಾಂಗಣದಲ್ಲಿ ಒಂದೇ ತರಗತಿ, ಒಬ್ಬರೇ ಮೇಷ್ಟ್ರು, ಇನ್ನೊಬ್ಬರು ಪ್ರಯೋಗಶಾಲೆಗೆ ಹೋಗಿ ಲೋಲಕ ತೂಗಿಸುತ್ತಾ ಕೂರಬೇಕು, ವಿಭಾಗದ ಮುಖ್ಯಸ್ಥರು ಹಲ್ಲು ಕಿರಿದು ಹೇಳಿದ್ದರು, ನೋಡಿ ನಾನಂತೂ ಇದ್ರಲ್ಲಿ ತಲೆ ಹಾಕಲ್ಲ, ಈ ಪರೀಕ್ಷೆಲಿ ಯಾರ ಸೆಕ್ಷನ್ನಿನ ಸರಾಸರಿ ಜಾಸ್ತಿಯೋ ಕೋರ್ಸು ಅವ್ರಿಗೆ, ಮನೇಲಿ ಜಗಳ ಆದ್ರೆ ನನ್ನ ಬಯ್ಬೇಡಿ. ಅವಳು ಅಲ್ಲೂ ನಕ್ಕಿದ್ದಳು, ಅವನೂ ನಕ್ಕಿದ್ದ, ಅವನ ನಗು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ಮೂರನೆಯ ಪ್ರಶ್ನೆ, ಮೇಲೇರುವ ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತ ಮನುಷ್ಯ, ವೇಗ ಹೆಚ್ಚುತ್ತಿರುವಾಗ ಯಂತ್ರ ಎಷ್ಟು ತೋರಿಸುತ್ತದೆ, ಸೀದಾ ಸಾದಾ ಲೆಕ್ಕ, ಒಂದು ಚೌಕ ಬರಿ, ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ, ಸಮೀಕರಣ, ಉತ್ತರ, ಅವನು ಹೇಳಿಕೊಟ್ಟದ್ದು ಅಷ್ಟೇ, ಮನುಷ್ಯನಾದರೇನು ಅಕ್ಕಿಮೂಟೆಯಾದರೇನು ಒಂದು ಚುಕ್ಕೆ ಇಟ್ಟರೆ ಸಾಕು. ಇಲ್ಲಿ ಅವಳ ಹುಡುಗರ ಪತ್ರಿಕೆಯಲ್ಲಿ ನೋಡಿದರೆ ಚೌಕದೊಳಗೆ ಕಡ್ಡಿ ಕೈಕಾಲಿನ ಒಬ್ಬ ಮನುಷ್ಯ, ಗುಂಡು ತಲೆ, ಕೈಯಲ್ಲಿ ಬಿಚ್ಚಿದ ಕೊಡೆ, ಲಿಫ್ಟಿನೊಳಗೆ ಕೊಡೆ, ಯಾವ ಮೂರ್ಖ ಲಿಫ್ಟಿನೊಳಗೆ ಕೊಡೆ ಬಿಚ್ಚುತ್ತಾನೆ, ಬಿಚ್ಚಿದವನು ನೆಟ್ಟಗೆ ತಲೆಯ ಮೇಲಾದರೂ ಹಿಡಿದಿದ್ದಾನೆಯೇ, ಅದೂ ಇಲ್ಲ, ಪಕ್ಕಕ್ಕೆ ಚಾಚಿದ್ದಾನೆ, ಕೊಡೆಯ ಕೆಳಗೆ ಯಾರೂ ಇಲ್ಲ. ಮೊದಲ ಪತ್ರಿಕೆಯಲ್ಲಿ ಕಂಡಾಗ ಯಾವನೋ ತಲೆಹರಟೆ ಎಂದುಕೊಂಡ, ಎರಡನೆಯದರಲ್ಲೂ ಇತ್ತು, ಅದರ ಮುಂದಿನದರಲ್ಲೂ, ಕಟ್ಟನ್ನು ಬೆರಳಿನಿಂದ ಸರಸರ ತಿರುವಿದ, ಮೂರನೆಯ ಪ್ರಶ್ನೆ ಬಂದಲ್ಲೆಲ್ಲ ಅವನೇ, ದಪ್ಪಗೆ, ಸಣ್ಣಗೆ, ಮೀಸೆಯೊಂದಿಗೆ, ಮೀಸೆಯಿಲ್ಲದೆ, ಕೊಡೆ ಪಕ್ಕಕ್ಕೆ, ಕೆಳಗೆ ಖಾಲಿ. ಅವಳು ಹಲಗೆಯ ಮೇಲೆ ಬರೆದು ತೋರಿಸಿದ್ದಾಳೆ, ಅವರು ಮರೆತಿಲ್ಲ, ಒಬ್ಬರೂ ಮರೆತಿಲ್ಲ, ಅವನು ವರ್ಷವಿಡೀ ಹಲಗೆಯ ಮೇಲೆ ಬರೆದದ್ದರಲ್ಲಿ ಹೀಗೆ ಇಡೀ ತರಗತಿಯ ಕೈಗೆ ಅಂಟಿಕೊಂಡದ್ದು ಏನಿದೆ, ಸುಮ್ಮನೆ ಕೇಳಿಕೊಂಡ, ಹೊಟ್ಟೆಯ ಮೂಲೆಯಲ್ಲಿ ಹಳೆಯ ಉರಿ ಎದ್ದಿತು, ಅದಕ್ಕೆ ಹೆಸರು ಹುಡುಕುವ ಕೆಲಸವಿಲ್ಲ, ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಮಾಡಿದವನಿಗೂ ಇದೇ ಜಾಗದಲ್ಲಿ ಉರಿದಿರಬೇಕು.

ಹೌದು, ಹೊಟ್ಟೆಕಿಚ್ಚೇ, ಕಟ್ಟಿಕೊಂಡ ಹೆಂಡತಿಯ ಮೇಲೆ, ಹೇಳಿಕೊಂಡರೆ ನಾಯಿಯೂ ಮೂಸುವುದಿಲ್ಲ. ಅವಳ ತರಗತಿ ಮುಗಿದರೆ ಬಾಗಿಲಲ್ಲಿ ಜೇನುಗೂಡು, ಮೇಡಂ ಒಂದು ಡೌಟು, ಮೇಡಂ ಇನ್ನೊಂದ್ಸಲ, ಅವನ ತರಗತಿ ಮುಗಿದರೆ ಬೆಂಚು ಸರಿಯುವ ಸದ್ದು, ಆಮೇಲೆ ಫ್ಯಾನಿನ ಸದ್ದು. ಮನೆಯಲ್ಲೂ ಹಾಗೇ, ಮಗಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಅವನ ಮುಂದೆಯೇ ದಾಟಿ ಅಡುಗೆಮನೆಗೆ ಹೋಗುತ್ತಾಳೆ, ಇಲ್ಲಿ ಬಾರೇ ನಾನ್ ಹೇಳ್ಕೊಡ್ತೀನಿ, ಬೇಡಪ್ಪ, ನೀನು ಹೇಳ್ಕೊಟ್ರೆ ಕೊನೇಲಿ ನಾನೇ ಸಾರಿ ಕೇಳ್ಬೇಕು ಅನ್ಸುತ್ತೆ. ಕೋರ್ಸಿನ ನಿಯಮಗಳನ್ನು ಇಬ್ಬರೂ ಊಟದ ಮೇಜಿನ ಮೇಲೆ ಕೂತು ಬರೆದವರು, ತಟ್ಟೆ ಒಂದು ಪಕ್ಕಕ್ಕೆ ಸರಿಸಿ, ಈಗ ಓದಿದರೆ ಯಾವ ಸಾಲು ಯಾರದು ಎಂದು ಕುರುಡನೂ ಹೇಳಿಯಾನು, ಕಿರುಪರೀಕ್ಷೆಗಳಲ್ಲಿ ಅತಿ ಕಡಿಮೆ ಬಂದದ್ದನ್ನು ಕೈಬಿಡಲಾಗುವುದು ಎಂಬುದು ಅವಳದು, ವರದಿ ಒಂದು ದಿನ ತಡವಾದರೆ ಹತ್ತರಲ್ಲಿ ಒಂದು ಪಾಲು ಕಡಿತ ಎಂಬುದು ಅವನದು, ಉತ್ತರ ತಪ್ಪಿದರೂ ದಾರಿ ಸರಿಯಿದ್ದರೆ ಅಂಕ ಕೊಡುವುದು ಅವಳದು, ಉತ್ತರದ ಪಕ್ಕ ಅಳತೆಯ ಮಾನ ಬರೆಯದಿದ್ದರೆ ಅರ್ಧ ಅಂಕ ಹೋಯಿತು ಎಂಬುದು ಅವನದು, ಕೊಡುವ ನಿಯಮಗಳೆಲ್ಲ ಅವಳಿಗೆ, ಕತ್ತರಿಸುವವೆಲ್ಲ ಅವನಿಗೆ, ಮತ್ತೆ ಹುಡುಗರು ಯಾರನ್ನು ಹಚ್ಚಿಕೊಂಡಾರು. ಹಾಗಂತ ಅವನಿಗೆ ಕೊಡಲು ಬರುವುದಿಲ್ಲವೆಂದಲ್ಲ, ಯಾರೂ ಕೇಳಲಿಲ್ಲ. ಲಿಫ್ಟೆಂದರೆ ಅವನಿಗೂ ಒಂದು ಲಿಫ್ಟಿದೆ, ಓದುವ ದಿನಗಳದ್ದು, ಗ್ರಂಥಾಲಯದ ಹಳೆಯ ಲಿಫ್ಟು ಎರಡು ಅಂತಸ್ತುಗಳ ನಡುವೆ ಗಕ್ಕನೆ ನಿಂತು, ಕತ್ತಲಾಗಿ, ಒಳಗೆ ಅವನೊಬ್ಬ, ಇನ್ನೊಬ್ಬಳು ಆಗ ಹೆಸರೂ ಗೊತ್ತಿಲ್ಲದ ಇವಳೇ, ಅವಳಿಗೆ ಧೈರ್ಯ ಹೇಳಲು ಅವನು ರಾಟೆ, ಹಗ್ಗ, ಎದುರು ತೂಕ ಎಂದು ಪಾಠ ಶುರುಮಾಡಿದ್ದ, ಅವಳು ಕತ್ತಲಲ್ಲೇ, ನಿಮಗೆ ಭಯ ಆಗಿದೆ ಅಲ್ವಾ. ಅಲ್ಲಿಂದಲೇ ಎಲ್ಲ ಶುರುವಾದದ್ದು, ಅವನ ಪಾಲಿಗೆ. ಒಮ್ಮೆ ಕೇಳಿದ್ದ, ಆ ಲಿಫ್ಟು ನೆನಪಿದ್ಯಾ, ಅವಳು ಒಣಗಿದ ಬಟ್ಟೆ ಮಡಚುತ್ತಾ ಯಾವ ಲಿಫ್ಟು ಎಂದಳು, ಅಷ್ಟೇ, ಅವನು ಆಮೇಲೆ ಎತ್ತಲಿಲ್ಲ, ಮರೆತವರ ಹತ್ತಿರ ನೆನಪಿನ ಭಿಕ್ಷೆ ಬೇಡುವುದೇ, ತನ್ನದನ್ನು ಮರೆತು ಇನ್ನೂರು ಮಕ್ಕಳ ನೆನಪಿನಲ್ಲಿ ಕೊಡೆ ಹಿಡಿದು ನಿಂತ ಕೋಡಂಗಿಯೊಬ್ಬನನ್ನು ನೆಟ್ಟಿದ್ದಾಳೆ, ನಾಟಕದವಳು.

ಆಗಲೇ ಆ ಸಾಲು ನೆನಪಾದದ್ದು, ತಾನಾಗಿ ಬಂತು, ಅವನು ಕರೆಯಲಿಲ್ಲ — ಉತ್ತರಕ್ಕೆ ಸಂಬಂಧವಿಲ್ಲದ, ಗುರುತಿನಂತೆ ಕಾಣುವ ಬರಹವಾಗಲಿ ಚಿತ್ರವಾಗಲಿ ಇದ್ದಲ್ಲಿ ಆ ಪ್ರಶ್ನೆಯ ಎರಡು ಅಂಕ ಕಡಿತ — ಯಾರ ಸಾಲು ಎಂದು ಬೇರೆ ಹೇಳಬೇಕೆ, ತಿದ್ದುವವರಿಗೆ ಗುಟ್ಟಿನ ಗುರುತು ಹೋಗಬಾರದು ಎಂದು ಬರೆದದ್ದು. ಕೊಡೆ ಸಂಬಂಧವಿಲ್ಲದ್ದು, ಹೌದೋ ಅಲ್ಲವೋ, ಗುರುತು, ಹೌದೋ ಅಲ್ಲವೋ, ಇದಕ್ಕಿಂತ ಗುರುತು ಬೇಕೇ, ನಾವು ಮೇಡಂ ಮಕ್ಕಳು ಎಂದು ಕಿರುಚುತ್ತಿದೆ. ಇಡೀ ಸೆಕ್ಷನ್ನಿನಿಂದ ತಲೆಗೆ ಎರಡರಂತೆ ಹೋದರೆ ಸರಾಸರಿಯೂ ಎರಡು ಇಳಿಯುತ್ತದೆ, ಕಳೆದ ಸಲ ಅವರಿಬ್ಬರ ನಡುವಿನ ಅಂತರ ಅಷ್ಟೂ ಇರಲಿಲ್ಲ, ಲೆಕ್ಕ ಗೊತ್ತಿರುವುದೇ ಕೆಟ್ಟದ್ದು, ಮನಸ್ಸು ಬೇಡವೆಂದರೂ ಮಾಡಿ ಮುಗಿಸಿರುತ್ತದೆ. ಮಕ್ಕಳೇನು ಮಾಡಿದವು ಪಾಪ ಎಂದು ಒಳಗಿನಿಂದ ಒಂದು ಸಣ್ಣ ದನಿ, ನಿಯಮ ನಿಯಮವೇ ಎಂದು ದೊಡ್ಡ ದನಿ, ದೊಡ್ಡ ದನಿಯದೇ ಯಾವಾಗಲೂ ನಡೆಯುವುದು. ಕೆಂಪು ಪೆನ್ನಿನ ಮುಚ್ಚಳ ತೆಗೆದ, ಕೊಡೆಯ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಕಡಿತ ಎರಡು, ಮುಂದಿನದು, ಅಡ್ಡಗೆರೆ, ಕಡಿತ ಎರಡು, ಉತ್ತರವೆಲ್ಲ ಸರಿಯಾಗಿತ್ತು, ಬಾಣಗಳೂ ಸರಿ, ಮಾನವೂ ಬರೆದಿದ್ದರು, ಅದು ಇನ್ನಷ್ಟು ಉರಿಸಿತು, ಗೆರೆ ಎಳೆಯುವ ಕೈಗೆ ಒಂದು ಲಯ ಬಂತು, ತಪ್ಪು ಮಾಡುವಾಗಲೂ ಅಚ್ಚುಕಟ್ಟಾಗಿ ಮಾಡುವ ಜಾಯಮಾನ ಅವನದು. ಕಟ್ಟಿನ ತಳ ಹತ್ತಿರವಾಗುತ್ತಿತ್ತು.

ಸರ್, ಎಂದಳು. ಮನೆಯಲ್ಲಿ ಏಯ್, ಕೇಳು, ವಿಭಾಗದ ಹೊಸ್ತಿಲು ದಾಟಿದರೆ ಸರ್, ಕೋಣೆಯಲ್ಲಿ ಇಬ್ಬರೇ ಇದ್ದರೂ. ಸರ್, ನಿಮ್ಮ ಮಕ್ಕಳು ಎಷ್ಟು ಶಿಸ್ತು ಗೊತ್ತಾ, ಪ್ರತಿ ಉತ್ತರಕ್ಕೂ ಎರಡೆರಡು ಸಲ ಪೆಟ್ಟಿಗೆ ಕಟ್ಟಿದ್ದಾರೆ, ಒಳಗೊಂದು ಹೊರಗೊಂದು, ಥೇಟ್ ನಿಮ್ಮ ಹಾಗೆ, ನೋಡಿ ನೋಡಿ ನಗು ಬಂತು. ಎರಡು ಪೆಟ್ಟಿಗೆ, ಹೌದು, ಅವನು ಹಲಗೆಯ ಮೇಲೆ ಯಾವಾಗಲೂ ಹಾಗೇ, ಬರೀ ಅಭ್ಯಾಸ, ಒಂದು ಪೆಟ್ಟಿಗೆಗೆ ಸಮಾಧಾನವಾಗದೆ ಇನ್ನೊಂದು, ಹೇಳಿಕೊಟ್ಟದ್ದೂ ಅಲ್ಲ, ಅವರು ನೋಡಿದ್ದಾರೆ, ಹಾಗಾದರೆ ಅವನದ್ದೂ ಒಂದು ಅಂಟಿದೆ. ಇದೂ ಗುರುತೇ ಅಲ್ವಾ ಸರ್, ನಿಮ್ಮ ಆ ಭಯಂಕರ ನಿಯಮದ ಪ್ರಕಾರ ಕತ್ತರಿಸ್ಬೇಕು, ನಾನು ಬಿಟ್ಟೆ, ಪಾಪ, ಪ್ರೀತಿಗೆ ಮಾಡಿರ್ತಾರೆ, ಅದಕ್ಕೆಲ್ಲ ಅಂಕ ಕತ್ತರಿಸ್ತಾರಾ ಯಾರಾದ್ರೂ. ಕತ್ತರಿಸುವುದಿಲ್ಲ, ಛೆ ಛೆ, ಯಾರು ಕತ್ತರಿಸುತ್ತಾರೆ, ಎಂದ, ಎಡಗೈ ತಾನಾಗಿ ಕಟ್ಟಿನ ಮೇಲೆ ಬಂದು ಕೂತಿತ್ತು, ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಕೈಯ ಹಾಗೆ. ಬಿಟ್ಟಳಂತೆ, ಬಿಡುವುದರಲ್ಲೂ ಅವಳೇ ಮುಂದೆ, ಒಂದು ಕ್ಷಣ ಅದಕ್ಕೂ ಹೊಟ್ಟೆ ಉರಿಯಿತು, ನಿಜ, ನಾಚಿಕೆಗಿಂತ ಮೊದಲು ಅದೇ ಬಂದದ್ದು.

ಉಳಿದದ್ದು ಒಂದೇ ಪತ್ರಿಕೆ, ಪೆನ್ನು ಹಿಡಿದೇ ತೆರೆದ, ಅದೇ ಚೌಕ, ಅದೇ ಮನುಷ್ಯ, ಕೊಡೆ ಪಕ್ಕಕ್ಕೆ, ಕೆಳಗೆ ಖಾಲಿ, ಇವನ ಒಂದು ಭುಜದ ಮೇಲೆ ಮಾತ್ರ ಸಣ್ಣ ಸಣ್ಣ ಹನಿ ಬಿಡಿಸಿದ್ದಾಳೆ ಹುಡುಗಿಯೋ ಹುಡುಗನೋ, ಕೆಳಗೆ ಗಾಳಿಯ ತಡೆ ನಿರ್ಲಕ್ಷಿಸಿದೆ ಎಂದು ಎಲ್ಲರೂ ಬರೆಯುವ ಜಾಗದಲ್ಲಿ, ದುಂಡಗೆ — ಲಿಫ್ಟಿನ ಛಾವಣಿಯಿಂದ ಸೋರುವ ನೀರಿನ ತೂಕವನ್ನು ನಿರ್ಲಕ್ಷಿಸಿದೆ. ಸೋರುವ ನೀರು. ಲಿಫ್ಟಿನಲ್ಲಿ ಯಾಕೆ ಸೋರುತ್ತದೆ, ಮೇಲೆ ಎಲ್ಲೋ ಪೈಪು ಒಡೆದರೆ ಸೋರುತ್ತದೆ, ಒಡೆದಿತ್ತು, ಗ್ರಂಥಾಲಯದ ಮೇಲಿನ ಅಂತಸ್ತಿನಲ್ಲಿ, ನೀರು ತಣ್ಣಗೆ ಅಂಗಿಯ ಕಾಲರಿನೊಳಗೆ ಇಳಿದದ್ದು, ರಾಟೆ, ಹಗ್ಗ, ಎದುರು ತೂಕ ಎನ್ನುತ್ತಲೇ ಅವನು — ಆಗ ಬಿಸಿಲಲ್ಲೂ ಕೊಡೆ ಹಿಡಿದು ತಿರುಗುತ್ತಿದ್ದವನು, ಸಹಪಾಠಿಗಳೆಲ್ಲ ನಗುತ್ತಿದ್ದರು — ಕತ್ತಲಲ್ಲಿ ಫಟ್ಟನೆ ಬಿಚ್ಚಿ ಪಕ್ಕಕ್ಕೆ, ಅವಳ ಕಡೆಗೆ ಹಿಡಿದಿದ್ದ, ಮನೆಗೆ ಹೋದಾಗ ಅಮ್ಮ ಬೈದಿದ್ದಳು, ಕೊಡೆ ಕೈಲಿಟ್ಕೊಂಡೂ ನೆನ್ಕೊಂಡು ಬಂದಿದ್ದೀಯಲ್ಲೋ, ಇಂಥ ಬುದ್ಧಿವಂತನ್ನ ನಾನೆಲ್ಲೂ ನೋಡ್ಲಿಲ್ಲ. ಪಾಠ ನೆನಪಿತ್ತು, ಭಯ ನೆನಪಿತ್ತು, ಕೊಡೆ ನೆನಪಿರಲಿಲ್ಲ. ಅವಳು ಇಟ್ಟುಕೊಂಡಿದ್ದಳು, ಯಾವ ಲಿಫ್ಟು ಎಂದವಳು, ವರ್ಷವರ್ಷವೂ ಹಲಗೆಯ ಮೇಲೆ ಬರೆದು, ಇವರ ತೂಕ ಹೆಚ್ಚುತ್ತೋ ಕಮ್ಮಿ ಆಗುತ್ತೋ ಹೇಳ್ರೋ ಎಂದಿರಬೇಕು, ಮಕ್ಕಳು ನಕ್ಕಿರಬೇಕು, ಇಡೀ ಸೆಕ್ಷನ್ನಿನ ಮುಂದೆ ಅವನು ಇಷ್ಟು ಕಾಲ ಕೊಡೆ ಹಿಡಿದು ನಿಂತಿದ್ದಾನೆ, ಅವನಿಗೇ ಗೊತ್ತಿಲ್ಲ, ಈಗ ಒಂದೊಂದು ಕೊಡೆಯ ಮೇಲೂ ಕೆಂಪು ಗೆರೆ, ಕಡಿತ ಎರಡು, ಕಡಿತ ಎರಡು, ಅಚ್ಚುಕಟ್ಟಾಗಿ. ವಾಪಸು ಕೊಡಬಹುದು, ಕೊಡಲೇಬೇಕು, ಒಂದು ನಿಯಮವಿದೆ, ತಿದ್ದಿ ಬದಲಿಸಿದ ಪ್ರತಿ ಅಂಕದ ಪಕ್ಕದಲ್ಲಿ ಇಬ್ಬರೂ ಮೌಲ್ಯಮಾಪಕರ ಸಹಿ ಇರತಕ್ಕದ್ದು, ಅದೂ ಅವನದೇ, ಬೇರೆ ಯಾರದಿರುತ್ತದೆ, ಎಲ್ಲವನ್ನೂ ಒಂದೊಂದಾಗಿ ಅವಳ ಮುಂದೆ ಇಡಬೇಕು, ಅವಳು ಒಂದೊಂದಾಗಿ ನೋಡಬೇಕು. ತಿದ್ದಿಟ್ಟ ಕಟ್ಟಿನ ಮೇಲಿನ ಪತ್ರಿಕೆಯಲ್ಲಿ ಕಡಿತ ಹೊಡೆದು ಹಾಕಿದ, ಹಳೆಯ ಅಂಕ ಮತ್ತೆ ಬರೆದ, ತನ್ನ ಸಹಿ ಹಾಕಿದ, ಅದರ ಪಕ್ಕ ಅವಳ ಸಹಿಗೆ ಜಾಗ. ಮುಗೀತಾ ನಿಮ್ದು, ಕೊಡಿ ಇಲ್ಲಿ, ಒಟ್ಟು ಕೂಡಿಸಿಬಿಡೋಣ, ಅವಳ ಕೈ ಮೇಜಿನ ಮೇಲೆ ಚಾಚಿ ಬಂದಿದೆ, ಅಂಗೈ ಮೇಲಾಗಿ, ಬೆರಳ ತುದಿಯಲ್ಲಿ ಅವನ ಮಕ್ಕಳ ಶಾಯಿ, ಕೊಡಿ ಅಂದ್ರೆ, ಏನಾಯ್ತು, ಯಾಕೆ ಹಾಗೆ ನೋಡ್ತಿದ್ದೀ, ಸರ್ ಹೋಗಿ ಮನೆಯ ಮಾತು ಬಂದಿದೆ ಬಾಯಿಗೆ, ಕೊಡಬೇಕು, ಕಟ್ಟು ಎತ್ತಬೇಕು, ಕಣ್ಣು ಆ ಚೌಕದಿಂದ ಏಳುತ್ತಿಲ್ಲ, ಭುಜದ ಮೇಲೆ ಹನಿ, ಕೈ ಚಾಚಿದೆ, ಕೊಡೆ ಪಕ್ಕಕ್ಕೆ, ಕೊಡೆಯ ಕೆಳಗೆ ಖಾಲಿ, ಕೊಡೆ ಪಕ್ಕಕ್ಕೆ —