ಹಲ್ಲಜ್ಜನ ಓದುಗರು

ಮಗಳು ಅಪ್ಪನ ತಲೆ ಬಾಚುತ್ತಿದ್ದಾಗಲೇ ಪ್ರಕಾಶಕ ಒಳಗೆ ಬಂದ. ಶವದೆದುರು ಎರಡು ನಿಮಿಷ ತಲೆ ತಗ್ಗಿಸಿ ನಿಂತ. ಆಮೇಲೆ ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ.

"ಅಪ್ಪನ ಪೇಜಲ್ಲಿ ಸುದ್ದಿ ಹಾಕಿದ್ಯೇನಮ್ಮ?"

"ಇನ್ನೂ ಇಲ್ಲ ಸರ್."

"ತಡ ಮಾಡ್ಬೇಡ. ಇವತ್ತು ಬಿಟ್ರೆ ನಾಳೆ ಯಾರೂ ತಿರುಗಿ ನೋಡಲ್ಲ."

ಬಾಗಿಲ ಬಳಿ ಅಪ್ಪನ ಜೊತೆ ಕೆಲಸ ಮಾಡಿದ್ದ ಇಬ್ಬರು ಮುದುಕರು ಕೂತಿದ್ದರು.

"ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡ್ದ," ಎಂದ ಒಬ್ಬ. "ಒಂದ್ಸಲ ಲಿಫ್ಟಲ್ಲಿ ಯಾರೋ ಹೆಂಗಸು ಸಿಕ್ಕಾಕ್ಕೊಂಡಿದ್ಲು. ಗಾಬರಿ ಆಗ್ಬಾರ್ದು ಅಂತ ಬಾಗ್ಲಾಚೆಯಿಂದ್ಲೇ ಮೂರು ಗಂಟೆ ಕತೆ ಹೇಳಿದ್ದ."

"ಆ ಕತೆನೇ ಪುಸ್ತಕ ಆಗಿದ್ದು."

"ನೀನು ಓದಿದ್ಯಾ?"

"ಎಲ್ಲಿ ಓದೋದು? ವಿಡಿಯೋ ನೋಡ್ದೆ."

ಇಬ್ಬರೂ ತುಟಿ ಕಚ್ಚಿ ನಗು ನುಂಗಿಕೊಂಡರು. ಮಗಳು ಕೇಳಿಸದವಳಂತೆ ಬಾಚುತ್ತಲೇ ಇದ್ದಳು.

*

ಪುಸ್ತಕ ಅಚ್ಚಾಗಿ ಮೂರು ತಿಂಗಳಾದರೂ ಪ್ರತಿಗಳು ಮಂಚದ ಕೆಳಗೇ ಬಿದ್ದಿದ್ದವು. ದಿನಕ್ಕೊಂದು ವಿಡಿಯೋ ಹಾಕಿ ಮುಖ ತೋರಿಸದಿದ್ದರೆ ಲೇಖಕನ ಪುಸ್ತಕವನ್ನು ಈಗ ಯಾರೂ ಕೊಳ್ಳುವುದಿಲ್ಲ ಎಂದಿದ್ದ ಪ್ರಕಾಶಕ. ಅಂದಿನಿಂದ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರತಿ ಬೆಳಿಗ್ಗೆ ಒಂದು ಪುಟ ಓದುತ್ತಿದ್ದ. ಮಗಳು ಫೋನು ಹಿಡಿಯುತ್ತಿದ್ದಳು. ಹನ್ನೆರಡು ಜನ ನೋಡುತ್ತಿದ್ದರು. ಅದರಲ್ಲಿ ಅಮ್ಮನೂ ಒಬ್ಬಳು.

ಒಂದು ದಿನ, ತನಗೆ ಪಂಚಪ್ರಾಣವಾಗಿದ್ದ ಪುಟ ಓದುವಾಗ, ಅಪ್ಪನ ಕಟ್ಟಿಸಿದ ಹಲ್ಲು ಜಾರಿ ಹಾಳೆಯ ಮೇಲೆ ಬಿತ್ತು. ಅಪ್ಪ ನಾಚಿ ನಕ್ಕ.

"ಇದನ್ನ ಅಳಿಸಿಬಿಡು ಪುಟ್ಟಿ."

"ಹೂಂ" ಎಂದಳು. ಹಲ್ಲು ಬಿದ್ದ ಅಷ್ಟು ತುಣುಕನ್ನೇ ಕತ್ತರಿಸಿ ಪೇಜಿಗೆ ಹಾಕಿದಳು.

ಸಂಜೆಯೊಳಗೆ ನಾಲ್ಕು ಲಕ್ಷ ಜನ ನೋಡಿದರು. ಅಪ್ಪನಿಗೆ 'ಹಲ್ಲಜ್ಜ' ಎಂಬ ಹೆಸರು ಬಿತ್ತು. ಹಾಲಿನಂಗಡಿಯವನೂ ಅವನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದ.

"ಪುಸ್ತಕ ಎಲ್ಲಾ ಖಾಲಿ ಆಯ್ತಲ್ಲಪ್ಪ!" ಎಂದಳು ಮಗಳು.

"ಓದೋಕೆ ತಗೊಂಡ್ರಾ ಅವರು?"

ಆಮೇಲೆ ಅಪ್ಪ ಯಾರೆದುರೂ ಬಾಯಿ ತೆರೆಯಲಿಲ್ಲ. ಊಟಕ್ಕೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಒಂಬತ್ತನೇ ವಾರ, ಕೂತಲ್ಲೇ ಉಸಿರು ನಿಂತಿತು.

*

ಮಗಳು ಬಾಚಣಿಗೆ ಇಟ್ಟು ಫೋನು ಎತ್ತಿಕೊಂಡಳು. 'ನಮ್ಮ ತಂದೆ, ಲೇಖಕರು' ಎಂದು ಬರೆದಳು. ಪ್ರಕಾಶಕ ಇಣುಕಿದ.

"ಲೇಖಕರು ಅಂದ್ರೆ ಯಾರಿಗೆ ಗೊತ್ತಾಗುತ್ತೆ? ಜನ ಕರೆಯೋ ಹೆಸರೇ ಹಾಕಮ್ಮ. ಎರಡನೇ ಮುದ್ರಣ ಬಂದ್ರೆ ಅವರಿಗೂ ಸಮಾಧಾನ ತಾನೆ?"

ಬರೆದದ್ದನ್ನು ಅಳಿಸಿದಳು. 'ಹಲ್ಲಜ್ಜ ಇನ್ನಿಲ್ಲ.' ಎಂದು ಬರೆದು ಒತ್ತಿದಳು.

ಮರುಕ್ಷಣವೇ ಪರದೆಯ ಮೇಲೆ ಅಳುವ ಮುಖಗಳೂ ನಗುವ ಮುಖಗಳೂ ಒಟ್ಟಿಗೆ ಸುರಿಯತೊಡಗಿದವು.

"ಈಗ ಲೈವ್ ಹೋಗು," ಎಂದ ಪ್ರಕಾಶಕ. "ಪುಸ್ತಕ ಎದೆ ಮೇಲಿಡು. ಹೆಸರು ಕಾಣೋ ಹಾಗೆ."

ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ಅಮ್ಮ ಎದ್ದು ಬಂದಳು. ಬಿಳಿ ಹೊದಿಕೆಯನ್ನೆಳೆದು ಗಂಡನ ಮುಖ ಮುಚ್ಚಿದಳು. ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

"ಆರು ಸಾವಿರ ಜನ ಕಾಯ್ತಿದಾರೆ," ಎಂದ ಪ್ರಕಾಶಕ.

ಮಗಳು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊದಿಕೆಯನ್ನು ಕತ್ತಿನವರೆಗೆ ಒಪ್ಪವಾಗಿ ಮಡಿಚಿಟ್ಟು, ಫೋನಿನ ಚೌಕಟ್ಟಿನಿಂದ ಆಚೆ ನಿಲ್ಲುವಂತೆ ಅಮ್ಮನಿಗೆ ಕೈಸನ್ನೆ ಮಾಡಿದಳು.