ಬಲಭುಜದ ಆಚೆ

ತೊಂಬತ್ತೆಂಟನೇ ಇಸವಿಯ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪಿನ ಅಂಟು ಹತ್ತಿ ದಾರ ಕಪ್ಪಾಯಿತೆಂದು ಸುನಂದಮ್ಮ ಸವತಿ ತಾಳಿ ಕಳಚಿ ಮೊಳೆಗೆ ನೇತುಹಾಕಿದ್ದಳು. ಸತ್ತ ಮೊದಲ ಹೆಂಡತಿ ಪುಟ್ಟತಾಯಮ್ಮ ಮುನಿಯದಿರಲೆಂದು ಮದುವೆಯ ದಿನ ಅತ್ತೆ ಕಟ್ಟಿದ್ದ ಬೆಳ್ಳಿ ಬಿಲ್ಲೆ ಅದು. ಅದೇ ಮಧ್ಯಾಹ್ನ ಗಂಡ ಚಲುವಯ್ಯ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಮೇಲಿನ ಗಳದಿಂದ ಕಾಲು ಜಾರಿ ಬಿದ್ದ. ಜೀವ ಉಳಿಯಿತು, ಕುತ್ತಿಗೆ ಉಳುಕಿತು.

ನೋವು ಇಳಿದ ಮೇಲೆ ಇನ್ನೊಂದು ಶುರುವಾಯಿತು. ಸುನಂದಮ್ಮ ಕೂಗಿದರೆ ಅವನ ಮುಖ ಅವಳತ್ತ ತಿರುಗುತ್ತಿತ್ತು. ಕಣ್ಣು ಮಾತ್ರ ಜಾರಿ ಅವಳ ಬಲಭುಜದ ಆಚೆ, ಯಾರೋ ನಿಂತಿರುವಂತೆ, ಒಂದು ಗಳಿಗೆ ನೆಡುತ್ತಿತ್ತು.

"ಗಂಡನ್ನ ನೀನು ಇಟ್ಕೊಂಡೆ, ಕಣ್ಣ ಅವಳು ಇಟ್ಕೊಂಡವ್ಳೆ ಕಣವ್ವ," ಎಂದಳು ಪಕ್ಕದ ಮನೆ ಬಸವಮ್ಮ, ಎಲೆಗೆ ಸುಣ್ಣ ಹಚ್ಚುತ್ತಾ.

ಸುನಂದಮ್ಮ ಹೊಸ ದಾರಕ್ಕೆ ಬಿಲ್ಲೆ ಪೋಣಿಸಿ ಕಟ್ಟಿಕೊಂಡಳು. ಸತ್ತವಳಿಗೆ ಎಡೆ ಇಟ್ಟಳು. ಕಣ್ಣು ಜಾರುವುದು ನಿಲ್ಲಲಿಲ್ಲ. ಇಷ್ಟು ಕಾಲ ಬಾಳಿದ ಮನೆಗೆ ತಾನು ಹೊರಗಿನವಳಾದೆನೇ ಎಂದು ಒಳಗೊಳಗೇ ಬೆಂದಳು.

ಕೊನೆಗೆ ಹನಗೋಡಿನಿಂದ ಬಸ್ಸು ಹತ್ತಿಸಿ ಅವನನ್ನು ಹುಣಸೂರಿಗೆ ಕರೆದೊಯ್ದಳು. ಡಾಕ್ಟರು ಪರದೆ ಎಳೆದು, ಚಲುವಯ್ಯನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿದರು.

"ತಲೆ ಗಟ್ಟಿಯಾಗಿ ಹಿಡ್ಕೊಳ್ಳಮ್ಮ. ಅಲ್ಲಾಡಬಾರದು."

ಎಷ್ಟೋ ದಿನದ ಮೇಲೆ ಗಂಡನ ಮುಖ ಅವಳ ಎರಡೂ ಅಂಗೈಯೊಳಗಿತ್ತು. ಡಾಕ್ಟರು ಕುರ್ಚಿಯನ್ನು ಮೆಲ್ಲಗೆ ಅವನ ಎಡಕ್ಕೆ ತಿರುಗಿಸಿದರು. ತಲೆ ಇದ್ದಲ್ಲೇ ಇತ್ತು, ಮೈ ತಿರುಗಿತು. ಮೈ ಹೋದತ್ತಲೇ, ಅವಳ ಬಲಭುಜದ ಆಚೆಗೆ, ಕಣ್ಣೂ ಜಾರಿತು.

"ನೋಡಿದ್ಯಾ? ಕಣ್ಣನ್ನ ಕುತ್ತಿಗೆ ಎಳೆಯುತ್ತೆ. ನಮಗೂ ಹಾಗೇನೇ, ಗೊತ್ತಾಗಲ್ಲ ಅಷ್ಟೆ. ಪೆಟ್ಟು ಬಿದ್ದ ಕುತ್ತಿಗೇಲಿ ಜೋರು. ವ್ಯಾಯಾಮ ಮಾಡಿಸು, ಕಮ್ಮಿಯಾಗುತ್ತೆ."

"ಅಂಗಾರೆ ಅಲ್ಲಿ ಯಾರೂ ಇಲ್ವಾ ಸ್ವಾಮಿ?"

"ಎಲ್ಲಿ?" ಎಂದರು ಡಾಕ್ಟರು.

ಬಸ್ಸಿನಲ್ಲಿ ಚಲುವಯ್ಯ ಗೊಣಗಿದ: "ನಂಗೇನ್ ಕಾಣ್ತದೆ ಅಂತ ನನ್ನೇ ಕೇಳ್ಬೋದಿತ್ತಲ್ಲ?"

"ಕೇಳಕ್ಕೆ ಭಯ ಆಯ್ತದೆ ಕಣ್ರೀ."

"ಗೋಡೆ ಕಾಣ್ತದೆ ಕಣೆ. ಅದೂ ನಿಲ್ಲಾಕಿಲ್ಲ, ಓಡ್ತದೆ."

ಅವಳು ನಕ್ಕಳು. ದಿನಾ ಬೆಳಿಗ್ಗೆ ಅವನ ಕುತ್ತಿಗೆ ಆಡಿಸಿದಳು.

ಮರುವರ್ಷ ಸೊಪ್ಪು ಬೇಯುವ ಹೊತ್ತಿಗೆ ಕುತ್ತಿಗೆ ಸಡಿಲಾಗಿತ್ತು. ಒಂದು ಸಂಜೆ ಅವಳು ಬಾಗಿಲಲ್ಲಿ ನಿಂತು ಊಟಕ್ಕೆ ಕೂಗಿದಳು. ಚಲುವಯ್ಯ ತಿರುಗಿದ. ಎರಡೂ ಕಣ್ಣು ನೆಟ್ಟಗೆ ಅವಳ ಮೇಲೇ ಬಂದು ನಿಂತವು. ಅವಳು ಬೇಡಿಕೊಂಡದ್ದು ಅದನ್ನೇ.

ಆದರೆ ಅವಳು ಅದನ್ನು ಕಾಣಲಿಲ್ಲ. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ತನ್ನ ಬಲಭುಜದ ಆಚೆಗೆ ತಿರುಗಿ ನೋಡುತ್ತಿದ್ದಳು.

"ಯಾರವ್ರೆ ಅಲ್ಲಿ?" ಎಂದ ಅವನು.

"ಯಾರೂ ಇಲ್ಲ ಬುಡಿ," ಎಂದಳು, ಅವನತ್ತ ಕುತ್ತಿಗೆ ತಿರುಗಿಸದೆ.